ನಾನಾ ಬರೆದ ದಾರಿ

2025ರ ಏಪ್ರಿಲ್ 6, ಭಾನುವಾರ. ರಮಝಾನ್ ಹಬ್ಬ ಮುಗಿದು ಇನ್ನೂ ಒಂದು ವಾರ ಆಗಿರಲಿಲ್ಲ. ಟಿ.ವಿ.ಯಲ್ಲಿ ಪಾಂಬನ್‌ನ ಹೊಸ ರೈಲ್ವೆ ಸೇತುವೆಯ ಉದ್ಘಾಟನೆ ತೋರಿಸುತ್ತಿದ್ದರು. ಸೇತುವೆಯ ನಡುವಿನ ಭಾಗ ಲಿಫ್ಟಿನ ಹಾಗೆ ನೆಟ್ಟಗೆ ಮೇಲೇರಿತು. ಅದರ ಅಡಿಯಲ್ಲಿ ಹಡಗೊಂದು ಹಾದುಹೋಯಿತು. ಪಕ್ಕದಲ್ಲೇ ಹಳೆಯ ಸೇತುವೆ ಯಾರಿಗೂ ಬೇಡವಾದ ಮುದುಕನಂತೆ ನಿಂತಿತ್ತು. ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದ ಅಮ್ಮಿ ತಟ್ಟೆಯನ್ನು ಪಕ್ಕಕ್ಕಿಟ್ಟು, "ಅದು ನನ್ನ ಅಬ್ಬಾ ದಾಟಿದ ಸೇತುವೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾರಿನಲ್ಲಿ ಕೊಲಂಬೋಗೆ ಹೋಗಬಹುದಾ?" ಎಂದು ಕೇಳಿದರು. ಜೋಗಕ್ಕೆ ಹೋಗಬಹುದಾ ಎಂದು ಕೇಳುವ ಧಾಟಿಯಲ್ಲೇ ಕೇಳಿದರು.

ಅಮ್ಮಿಗೆ ಈಗ ಎಪ್ಪತ್ಮೂರು. ಸಾಗರದಲ್ಲಿ ಹುಟ್ಟಿ, ಶಿವಮೊಗ್ಗಕ್ಕೆ ಮದುವೆಯಾಗಿ ಬಂದವರು. ಅವರ ತಂದೆ, ಅಂದರೆ ನನ್ನ ನಾನಾ, ಮದ್ರಾಸಿನ ಬಟ್ಟೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅಲ್ಲಿಂದ ಅವರನ್ನು ಕೊಲಂಬೋದ ಅಂಗಡಿಗೆ ಕಳಿಸಿದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರಂತೆ. 1962ರಲ್ಲಿ ಅಲ್ಲೇ ತೀರಿಕೊಂಡರು. ಮಾಳಿಗಾವತ್ತದ ಖಬರಸ್ತಾನದಲ್ಲಿ ಮಣ್ಣು ಮಾಡಿದೆವು ಎಂದು ಅಂಗಡಿಯವರ ತಂತಿ ಬಂತು. ಆಗ ಅಮ್ಮಿಗೆ ಹತ್ತು ವರ್ಷ, ಮಾಮೂಗೆ ಏಳು. ತಂತಿ ಬಂದ ದಿನ ಮನೆಯಲ್ಲಿ ಹಲಸಿನ ಹಣ್ಣು ಕೊಯ್ದಿದ್ದರೆಂದೂ ಅದನ್ನು ಯಾರೂ ಮುಟ್ಟಲಿಲ್ಲವೆಂದೂ ಅಮ್ಮಿ ಈಗಲೂ ಹೇಳುತ್ತಾರೆ.

ನಾನಾ ತೀರುವ ಹಿಂದಿನ ವರ್ಷ ನಾನಿಗೆ ಒಂದು ಕಾಗದ ಬರೆದಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ 'ದಾರಿಯ ಕಾಗದ' ಎಂದೇ ಹೆಸರು. ಮಕ್ಕಳನ್ನು ಕರೆದುಕೊಂಡು ಕೊಲಂಬೋಗೆ ಬಾ ಎಂದು ಅದರಲ್ಲಿ ಕರೆದಿದ್ದರು. ಬರುವ ದಾರಿಯನ್ನು ಒಂದೊಂದಾಗಿ ನಂಬರ್ ಹಾಕಿ ಬರೆದಿದ್ದರು. ಸಾಗರದಿಂದ ರೈಲಿನಲ್ಲಿ ಬೀರೂರು, ಅಲ್ಲಿ ಗಾಡಿ ಬದಲಿಸಿ ಬೆಂಗಳೂರು, ಅಲ್ಲಿಂದ ಮದ್ರಾಸು. ಮದ್ರಾಸಿನ ಎಗ್ಮೋರ್ ಸ್ಟೇಶನ್ನಿನಲ್ಲಿ ಬೋಟ್ ಮೇಲ್ ಹತ್ತಬೇಕು. ಧನುಷ್ಕೋಡಿಯಲ್ಲಿ ರೈಲು ಹಡಗಿನ ಕಟ್ಟೆಯವರೆಗೂ ಹೋಗುತ್ತದೆ. ಹಡಗು ಹತ್ತಿ ತಲೈಮನ್ನಾರಿನಲ್ಲಿ ಇಳಿದರೆ ಕೊಲಂಬೋ ರೈಲು ಕಾಯುತ್ತಿರುತ್ತದೆ. ದೇವಿ ಹಾಕಿಸಿದ ಚೀಟಿ ಮರೆಯಬೇಡ, ಪಾಸ್‌ಪೋರ್ಟಿನ ವ್ಯವಸ್ಥೆ ಮದ್ರಾಸಿನ ಶೇಟ್ ನೋಡಿಕೊಳ್ಳುತ್ತಾರೆ, ಹುಡುಗನಿಗೆ ಹಡಗಿನಲ್ಲಿ ಹೊಟ್ಟೆ ತೊಳಸಿದರೆ ನಿಂಬೆಹುಳಿ ಕೊಡು. ಹೀಗೆ ಎರಡು ಪುಟ. ಊರಿನ ಹೆಸರುಗಳನ್ನು ಉರ್ದುವಿನಲ್ಲೂ, ಪಕ್ಕದಲ್ಲಿ ಕನ್ನಡದಲ್ಲೂ ಬರೆದಿದ್ದಾರೆ. ನಾನಿಗೆ ಉರ್ದು ಮಾತ್ರ ಓದಲು ಬರುತ್ತಿತ್ತು. ದಾರಿಯಲ್ಲಿ ಬೇರೆಯವರಿಗೆ ತೋರಿಸಲು ಕನ್ನಡ. ಮದ್ರಾಸಿನಿಂದ ಮುಂದಿನ ಹೆಸರುಗಳನ್ನು ಯಾರಿಂದಲೋ ತಮಿಳಿನಲ್ಲಿಯೂ ಬರೆಸಿದ್ದರು.

ನಾನಿ ಹೋಗಲಿಲ್ಲ. ಯಾಕೆ ಎಂದು ಕೇಳಿದರೆ "ದಾರಿ ದೂರ" ಎನ್ನುತ್ತಿದ್ದರು. ನಾನು ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದವಳು. ಆ ಕಾಗದವನ್ನು ನಾನಿಗೆ ಎಷ್ಟೋ ಸಲ ಓದಿ ಹೇಳಿದ್ದೇನೆ. ಕಣ್ಣು ಮಂಜಾದ ಮೇಲೂ ಅವರು ಅದನ್ನು ಓದಿಸುತ್ತಿದ್ದರು. 'ನಿಂಬೆಹುಳಿ' ಬಂದ ಕಡೆ ನಗುತ್ತಿದ್ದರು. ಇಷ್ಟು ಇಷ್ಟಪಟ್ಟವರು ಯಾಕೆ ಹೋಗಲಿಲ್ಲ ಎಂಬ ಪ್ರಶ್ನೆ ಆಗ ನನಗೆ ಹೊಳೆಯಲೇ ಇಲ್ಲ.

ಬೆಂಗಳೂರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಅವನು ನಕ್ಕು, "ಅಕ್ಕಾ, ವಿಮಾನದಲ್ಲಿ ಒಂದೂವರೆ ಗಂಟೆ. ಬೆಳಿಗ್ಗೆ ಇಲ್ಲಿ ನಾಷ್ಟಾ, ಮಧ್ಯಾಹ್ನ ಅಲ್ಲಿ ಊಟ" ಅಂದ. ಅಮ್ಮಿ ಒಪ್ಪಲಿಲ್ಲ. "ಹಾರಿ ಹೋದರೆ ದಾರಿ ಕಾಣುವುದಿಲ್ಲ. ನಾನು ನೋಡಬೇಕಾಗಿರುವುದೇ ದಾರಿ" ಎಂದರು. ಒಬ್ಬ ನೆಂಟರು, "ಇನ್ನೂ ಹಜ್ ಆಗಿಲ್ಲ, ಮೊದಲು ಅದನ್ನು ಮುಗಿಸಿ. ಕೊಲಂಬೋದಲ್ಲಿ ಏನಿದೆ?" ಎಂದು ಕೇಳಿದರು. ಅಮ್ಮಿ ಆಗ ಉತ್ತರ ಕೊಡಲಿಲ್ಲ.

ನನಗೂ ಆಸೆ ಹುಟ್ಟಿತು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ, ಆಗೊಮ್ಮೆ ಈಗೊಮ್ಮೆ ಕಥೆ ಬರೆಯುವ ನನ್ನಂಥವಳಿಗೆ ಕಾರು ಓಡಿಸುವುದೊಂದೇ ಸಾಹಸ. ಎಂಟು ವರ್ಷದಿಂದ ಓಡಿಸುತ್ತಿದ್ದೇನೆ. ನಮ್ಮವರು ಒಂದು ದೊಡ್ಡ ನಕ್ಷೆ ತಂದು ಊಟದ ಮೇಜಿನ ಮೇಲೆ ಹರಡಿದರು. ಅಮ್ಮಿ ದಾರಿಯ ಕಾಗದವನ್ನು ಅದರ ಪಕ್ಕದಲ್ಲಿಟ್ಟರು. ಹೀಗೆ ಶುರುವಾಯಿತು ನಮ್ಮ ಯೋಜನೆ.

ನಾನಾ ಬರೆದ ದಾರಿಯಲ್ಲಿ ಎಷ್ಟು ಉಳಿದಿದೆ ಎಂದು ಮೊದಲು ನೋಡಿದೆವು. ಧನುಷ್ಕೋಡಿಯೇ ಉಳಿದಿಲ್ಲ. 1964ರ ಡಿಸೆಂಬರ್ 22ರ ರಾತ್ರಿ ಬಂದ ಚಂಡಮಾರುತದಲ್ಲಿ ಊರು, ಸ್ಟೇಶನ್ನು, ಪ್ರಯಾಣಿಕರ ಸಮೇತ ಒಂದು ರೈಲು ಎಲ್ಲ ಸಮುದ್ರದ ಪಾಲಾದವು. ಆಮೇಲೆ ಹಡಗು ರಾಮೇಶ್ವರದಿಂದಲೇ ತಲೈಮನ್ನಾರಿಗೆ ಹೋಗುತ್ತಿತ್ತು. ಲಂಕೆಯಲ್ಲಿ ಜನಾಂಗೀಯ ಯುದ್ಧ ಶುರುವಾದ ಮೇಲೆ, 1984ರಲ್ಲಿ ಅದೂ ನಿಂತಿತು. ಈಗ ಧನುಷ್ಕೋಡಿಯ ತುದಿ ಅರಿಚಲ್‌ಮುನೈವರೆಗೆ ಒಳ್ಳೆಯ ರಸ್ತೆ ಇದೆ, 2017ರಲ್ಲಿ ಆದದ್ದು. ಅಲ್ಲಿಂದ ತಲೈಮನ್ನಾರಿಗೆ ಸುಮಾರು 30 ಕಿಲೋಮೀಟರ್ ನೀರು. ಸಾಗರದಿಂದ ಜೋಗಕ್ಕೂ ಹೆಚ್ಚುಕಡಿಮೆ ಅಷ್ಟೇ. ಅಮ್ಮಿ ನಕ್ಷೆಯ ಮೇಲೆ ಬೆರಳಿಟ್ಟು, "ಇಷ್ಟೇನಾ?" ಎಂದು ಎರಡು ಸಲ ಕೇಳಿದರು.

ಇಷ್ಟೇ. ಆದರೆ ಆ ನೀರಿನ ಮೇಲೆ ಕಾರು ದಾಟಿಸುವ ದೋಣಿ ಇಲ್ಲ. 1914ರಲ್ಲಿ ಪಾಂಬನ್ ಸೇತುವೆ ಆದ ಮೇಲೆ ಮದ್ರಾಸಿನಲ್ಲಿ ಒಂದೇ ಟಿಕೇಟು ಕೊಂಡು ಕೊಲಂಬೋದಲ್ಲಿ ಇಳಿಯಬಹುದಿತ್ತು. ನೂರು ವರ್ಷ ಕಳೆದ ಮೇಲೆ ಅದು ಆಗದ ಮಾತಾಗಿದೆ. 2011ರಲ್ಲಿ ತೂತ್ತುಕುಡಿಯಿಂದ ಕೊಲಂಬೋಗೆ ಒಂದು ದೊಡ್ಡ ಹಡಗು ಶುರುವಾಗಿ ಕೆಲವೇ ತಿಂಗಳಲ್ಲಿ ನಿಂತಿತು. 2023ರ ಅಕ್ಟೋಬರ್ 14ರಂದು ನಾಗಪಟ್ಟಣದಿಂದ ಜಾಫ್ನಾ ಹತ್ತಿರದ ಕಾಂಕೇಸಂತುರೈಗೆ ಹಡಗು ಹೊರಟಿತು. ಅದೂ ಕೆಲವೇ ದಿನಗಳಲ್ಲಿ ನಿಂತು, 2024ರ ಆಗಸ್ಟ್‌ನಲ್ಲಿ ಬೇರೆ ಹಡಗಿನೊಂದಿಗೆ ಮತ್ತೆ ಶುರುವಾಯಿತು. ದಾರಿ ಸುಮಾರು 110 ಕಿಲೋಮೀಟರ್, ನಾಲ್ಕು ಗಂಟೆ. ಹಿಂಗಾರಿನ ಸಮಯದಲ್ಲಿ ಸಮುದ್ರ ಕೆರಳಿದರೆ ನಿಲ್ಲಿಸುತ್ತಾರೆ. ಅದರಲ್ಲಿ ಜನ ಹೋಗಬಹುದು, ಕಾರು ಹೋಗುವಂತಿಲ್ಲ.

ಕಾರನ್ನೇ ಒಯ್ಯಬೇಕೆಂದರೆ ಏನು ಮಾಡಬೇಕು ಎಂದೂ ವಿಚಾರಿಸಿದೆವು. ಕಾರಿಗೂ ಒಂದು ಪಾಸ್‌ಪೋರ್ಟು ಬೇಕು. 'ಕಾರ್ನೆ' ಎಂಬ ಫ್ರೆಂಚ್ ಹೆಸರಿನ ಪುಸ್ತಿಕೆ ಅದು. ನಮ್ಮ ದೇಶದಲ್ಲಿ ಮೋಟಾರು ವಾಹನ ಮಾಲೀಕರ ಸಂಘ ಅದನ್ನು ಕೊಡುತ್ತದೆ. ಕಾರನ್ನು ಪರದೇಶದಲ್ಲಿ ಮಾರದೆ ವಾಪಸು ತರುತ್ತೇವೆ ಎಂಬುದಕ್ಕೆ ಕಾರಿನ ಬೆಲೆಗೆ ತಕ್ಕಂತೆ ಬ್ಯಾಂಕ್ ಗ್ಯಾರಂಟಿ ಇಡಬೇಕು. ಬಂದರಿನಲ್ಲಿ ಒಳಗೆ ಹೋಗುವಾಗ ಒಂದು ಮೊಹರು, ಹೊರಗೆ ಬರುವಾಗ ಒಂದು ಮೊಹರು. ಆಮೇಲೆ ಕಾರನ್ನು ಕಂಟೇನರಿನಲ್ಲಿಟ್ಟು ಸರಕು ಹಡಗಿನಲ್ಲಿ ಕೊಲಂಬೋಗೆ ಕಳಿಸಬೇಕು, ನಾವು ಬೇರೆ ದಾರಿಯಲ್ಲಿ ಹೋಗಿ ಅದನ್ನು ಬಿಡಿಸಿಕೊಳ್ಳಬೇಕು. ಲೆಕ್ಕ ಹಾಕಿದ ನಮ್ಮವರು, "ಈ ಖರ್ಚಿನಲ್ಲಿ ಅಲ್ಲಿ ಒಂದು ತಿಂಗಳು ಡ್ರೈವರ್ ಸಮೇತ ಕಾರು ಇಟ್ಟುಕೊಳ್ಳಬಹುದು" ಅಂದರು. ನಾನು ಆರ್.ಟಿ.ಓ. ಕಚೇರಿಯಿಂದ ಅಂತರರಾಷ್ಟ್ರೀಯ ಪರವಾನಗಿ ಪಡೆಯಬಹುದು. ಆದರೆ ಲಂಕೆಯಲ್ಲಿ ಅದಕ್ಕೆ ಅಲ್ಲಿನವರ ಮಾನ್ಯತೆಯೂ ಬೇಕು. ಕೊನೆಗೆ ತೀರ್ಮಾನ ಹೀಗಾಯಿತು: ನಾಗಪಟ್ಟಣದವರೆಗೆ ನಮ್ಮ ಕಾರು, ನನ್ನ ಕೈಯಲ್ಲಿ. ನೀರಿನಾಚೆ ಬಾಡಿಗೆ ಕಾರು, ಅಲ್ಲಿನವರ ಕೈಯಲ್ಲಿ.

ನನಗೆ ಸ್ವಲ್ಪ ಬೇಸರವಾಯಿತು. ಅಮ್ಮಿಗೆ ಆಗಲಿಲ್ಲ. "ಅಬ್ಬಾ ಕೂಡ ಗಾಡಿ ಬದಲಿಸುತ್ತಲೇ ಹೋದದ್ದು" ಎಂದರು.

ಈ ಕಡೆಯ ದಾರಿ ಸುಲಭ. ಶಿವಮೊಗ್ಗದಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರ್, ತಮ್ಮನ ಮನೆಯಲ್ಲಿ ಮುಕ್ಕಾಂ. ಮಾರನೆಯ ದಿನ ಕೃಷ್ಣಗಿರಿ, ಸೇಲಂ, ತಿರುಚಿರಾಪಳ್ಳಿ. ಮೂರನೆಯ ದಿನ ತಂಜಾವೂರಿನ ಮೇಲೆ ನಾಗಪಟ್ಟಣ. ಅಲ್ಲಿಂದ ನಾಗೂರು ದರ್ಗಾ ಕೂಗಳತೆಯ ದೂರ. ಹಡಗು ಹತ್ತುವ ವ್ಯಾಪಾರಿಗಳು ನಾಗೂರಿನಲ್ಲಿ ಫಾತಿಹಾ ಓದಿಸಿ ಹೊರಡುತ್ತಿದ್ದರು. ಹಾಗೆ ಹೋದವರು ಸಿಂಗಾಪುರದಲ್ಲಿ, ಪಿನಾಂಗಿನಲ್ಲಿ ನಾಗೂರಿನ ಹೆಸರಿನಲ್ಲೇ ದರ್ಗಾಗಳನ್ನು ಕಟ್ಟಿಕೊಂಡರು.

ಆ ಕಡೆಯ ದಾರಿಯನ್ನು ನಿರ್ಧರಿಸುವುದು ಕಷ್ಟವಾಯಿತು. ತಮ್ಮನಿಗೆ ಹೆದರಿಕೆ. 2019ರ ಈಸ್ಟರ್ ದಿನದ ಬಾಂಬುಗಳ ನಂತರ ಅಲ್ಲಿನ ಮುಸ್ಲಿಮರ ಅಂಗಡಿ, ಮಸೀದಿಗಳ ಮೇಲೆ ದಾಳಿಯಾದದ್ದು, 2022ರಲ್ಲಿ ಪೆಟ್ರೋಲಿಗಾಗಿ ಜನ ದಿನಗಟ್ಟಲೆ ಸಾಲಿನಲ್ಲಿ ನಿಂತದ್ದು, ಎಲ್ಲವನ್ನೂ ಒಂದೊಂದಾಗಿ ನೆನಪಿಸಿದ. ಅಮ್ಮಿಗೆ ನೆನಪಿದ್ದದ್ದು ಬೇರೆ. ಕೊರೋನಾ ಸಮಯದಲ್ಲಿ ಅಲ್ಲಿ ಆ ರೋಗದಿಂದ ಸತ್ತವರನ್ನೆಲ್ಲ ಸುಡಲೇಬೇಕೆಂದು ಸರಕಾರ ಆಜ್ಞೆ ಮಾಡಿತ್ತು. 2020ರಿಂದ 2021ರ ಫೆಬ್ರವರಿಯವರೆಗೆ ಅಲ್ಲಿನ ಮುಸ್ಲಿಮರು ತಮ್ಮವರನ್ನು ಮಣ್ಣು ಮಾಡಲು ಅನುಮತಿಗಾಗಿ ಅಂಗಲಾಚಿದರು. ಆ ಸುದ್ದಿ ಓದಿದ ದಿನ ಅಮ್ಮಿ, "ನನ್ನ ಅಬ್ಬಾಗೆ ಪರದೇಶವಾದರೂ ಮಣ್ಣು ಸಿಕ್ಕಿತು, ಇವರಿಗೆ ತಮ್ಮ ಊರಲ್ಲೇ ಸಿಗಲಿಲ್ಲ" ಎಂದು ಅತ್ತಿದ್ದರು.

ಜಾಫ್ನಾದಿಂದ ದಕ್ಷಿಣಕ್ಕೆ ಕ್ಯಾಂಡಿಯವರೆಗೆ ಎ9 ಎಂಬ ದೊಡ್ಡ ಹೆದ್ದಾರಿ ಇದೆ. ಯುದ್ಧದ ವರ್ಷಗಳಲ್ಲಿ ಎಷ್ಟೋ ಸಲ ಮುಚ್ಚಿ ತೆರೆದ ದಾರಿ ಅದು. ನಾವು ಅದನ್ನು ಬಿಟ್ಟು, ಸಂಗುಪಿಟ್ಟಿ ಸೇತುವೆ ದಾಟಿ ಪಶ್ಚಿಮದ ಕರಾವಳಿಗುಂಟ ಮನ್ನಾರಿಗೆ ಹೋಗುವ ಎ32 ರಸ್ತೆಯನ್ನು ಆರಿಸಿಕೊಂಡೆವು. ಆ ದಾರಿಯಲ್ಲಿ ಹೋದರೆ ನಾನಾ ಹಡಗಿನಿಂದ ಇಳಿಯುತ್ತಿದ್ದ ತಲೈಮನ್ನಾರಿನ ಕಟ್ಟೆ ಸಿಗುತ್ತದೆ. ಮಧ್ಯೆ ಯುದ್ಧದಲ್ಲಿ ನಿಂತುಹೋಗಿದ್ದ ಅಲ್ಲಿನ ರೈಲು 2015ರಿಂದ ಮತ್ತೆ ಓಡುತ್ತಿದೆ. ಅಲ್ಲಿಂದ ಮದವಾಚ್ಚಿ, ಅನುರಾಧಪುರ, ಪುತ್ತಲಂ, ಕೊಲಂಬೋ.

ಈ ಹೆಸರುಗಳನ್ನು ಬರೆದುಕೊಳ್ಳುತ್ತ ನನಗೆ ಇನ್ನೊಂದು ಪ್ರಯಾಣ ನೆನಪಾಯಿತು. 1990ರ ಅಕ್ಟೋಬರ್ ಕೊನೆಯಲ್ಲಿ ತಮಿಳು ಹುಲಿಗಳು ಉತ್ತರ ಪ್ರಾಂತ್ಯದ ಮುಸ್ಲಿಮರನ್ನೆಲ್ಲ ಹೊರಗಟ್ಟಿದರು. ಜಾಫ್ನಾ ಪಟ್ಟಣದವರಿಗೆ ಕೊಟ್ಟದ್ದು ಎರಡು ಗಂಟೆಗಳ ಗಡುವು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಉಟ್ಟ ಬಟ್ಟೆಯಲ್ಲಿ ಹೊರಟರು, ಬಹಳಷ್ಟು ಮಂದಿ ಪುತ್ತಲಮ್ಮಿನಲ್ಲಿ ತೆಂಗಿನ ಗರಿಯ ಜೋಪಡಿ ಕಟ್ಟಿ ಕೂತರು. ಅವರ ಮನೆಮಾತೂ ತಮಿಳೇ. ಅಟ್ಟಿದವರದ್ದೂ ತಮಿಳೇ. ಭಾಷೆ ಒಂದಾದರೆ ಸಾಕು, ಬಾಳು ಒಂದಾಗುತ್ತದೆ ಎಂದು ನಂಬಿರುವ ನಮ್ಮಂಥ ಬರೆಯುವವರು ನೆನಪಿಡಬೇಕಾದ ಸಂಗತಿ ಇದು.

ನಕ್ಷೆ ತುಂಬಿತು. ಒಂದು ನೋಟ್ ಪುಸ್ತಕದಲ್ಲಿ ನಾನಾನ ಹಾಗೆಯೇ ನಂಬರ್ ಹಾಕಿ ಬರೆದೆ. 1ರಿಂದ 13ರವರೆಗೆ. ಹದಿಮೂರನೆಯದು ಕೊಲಂಬೋ. ಅದರ ಮುಂದೆ ಪೇಟೆ ಮಸೀದಿ, ಮಾಳಿಗಾವತ್ತ ಖಬರಸ್ತಾನ ಎಂದು ಬರೆದೆ. ಕೊಲಂಬೋದ ವ್ಯಾಪಾರದ ಬೀದಿಗಳಿಗೆ 'ಪೆಟ್ಟಾ' ಎಂದೇ ಹೆಸರು, ನಮ್ಮ ಪೇಟೆಯೇ ಅದು. ಅಲ್ಲಿ ಕೆಂಪು ಬಿಳಿ ಪಟ್ಟೆಗಳ ಜಾಮಿಉಲ್ ಅಲ್ಫರ್ ಮಸೀದಿ ಇದೆ, ಭಾರತದಿಂದ ಹೋದ ಮುಸ್ಲಿಂ ವ್ಯಾಪಾರಿಗಳು 1909ರಲ್ಲಿ ಕಟ್ಟಿ ಮುಗಿಸಿದ್ದು. ನಾನಾ ಜುಮಾ ನಮಾಜಿಗೆ ಅಲ್ಲಿಗೇ ಹೋಗುತ್ತಿದ್ದರೆಂದು ಕಾಗದಗಳಲ್ಲಿದೆ. ಬರೆದು ಮುಗಿಸಿ, "ಇಷ್ಟೇ ತಾನೇ ಅಮ್ಮಿ, ಖಬರಸ್ತಾನ ನೋಡಿ ವಾಪಸು?" ಎಂದು ಕೇಳಿದೆ.

ಅಮ್ಮಿ ಎದ್ದು ಹೋಗಿ ನಾನಿಯ ತಗಡಿನ ಟ್ರಂಕು ತೆರೆದರು. ಅದರ ತಳದಲ್ಲಿ ಹಾಸಿದ್ದ ಹಳೆಯ ಪತ್ರಿಕೆಯ ಕೆಳಗಿನಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ತಮಿಳು ಅಕ್ಷರ. ನಾನು ಆ ಕಾಗದವನ್ನು ಎಂದೂ ನೋಡಿರಲಿಲ್ಲ.

ನಾನಾ ತೀರಿ ಎರಡು ತಿಂಗಳಿಗೆ ಅದು ಅಂಚೆಯಲ್ಲಿ ಬಂದಿತ್ತಂತೆ. ಓದಲು ಸಾಗರದಲ್ಲಿ ತಮಿಳು ಬಲ್ಲವರು ಇರಲಿಲ್ಲವೆಂದಲ್ಲ. ನಾನಿ ಯಾರಿಗೂ ತೋರಿಸಲಿಲ್ಲ. ನಾನಾ ಅಲ್ಲಿ ಇನ್ನೊಂದು ಮದುವೆಯಾಗಿದ್ದಾರೆ ಎಂಬ ಮಾತನ್ನು ಯಾರೋ ಅಂಗಡಿಯವರು ಮೊದಲೇ ನಾನಿಯ ಕಿವಿಗೆ ಹಾಕಿದ್ದರಂತೆ. 1994ರಲ್ಲಿ ಸಾಯುವ ಮೊದಲು ನಾನಿ ಟ್ರಂಕಿನ ಬೀಗದ ಕೈಯನ್ನು ಅಮ್ಮಿಗೆ ಕೊಟ್ಟು, "ಅದನ್ನು ಹರಿಯಬೇಡ, ಓದಿಸಲೂ ಬೇಡ" ಎಂದರಂತೆ. ಅಮ್ಮಿ ಮೂವತ್ತು ವರ್ಷ ಆ ಮಾತು ಪಾಲಿಸಿದ್ದರು. "ಈಗ ಓದಿಸು" ಎಂದರು. "ದಾರಿ ಇಷ್ಟು ಗೊತ್ತಾದ ಮೇಲೆ, ಅದರ ಕೊನೆ ಏನೆಂದು ತಿಳಿಯದೆ ಹೊರಡಲಾರೆ."

ಓದಿಸುವುದು ಯಾರಿಂದ? ಶಿವಮೊಗ್ಗದಲ್ಲಿ ಪರಿಚಿತರಿಗೆ ತೋರಿಸಲು ಮನಸ್ಸು ಬರಲಿಲ್ಲ. ಆಗ ನೆನಪಾದವರು ಸುಳ್ಯದ ಕಡೆಯ ಒಬ್ಬ ಅಮ್ಮ. ನೌಕರಿಯ ಆರಂಭದಲ್ಲಿ ನಾಲ್ಕು ವರ್ಷ ನಾನು ಆ ಕಡೆ ಶಿಕ್ಷಕಿಯಾಗಿದ್ದೆ. ಸುಳ್ಯ, ಪುತ್ತೂರಿನ ಸುತ್ತ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. ಅಲ್ಲಿ ಹಾಲು ತೆಗೆಯುವವರಲ್ಲಿ ಬಹಳ ಮಂದಿ ಲಂಕೆಯಿಂದ ಬಂದ ತಮಿಳರು. ಬ್ರಿಟಿಷರ ಕಾಲದಲ್ಲಿ ಚಹಾ ತೋಟಗಳ ಕೂಲಿಗೆಂದು ಹೋದವರ ಮೊಮ್ಮಕ್ಕಳು. 1948ರ ಪೌರತ್ವ ಕಾನೂನು ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಶಾಸ್ತ್ರಿಯವರೂ ಸಿರಿಮಾವೋ ಅವರೂ ಕೂತು ಒಪ್ಪಂದ ಮಾಡಿ, ಐದು ಲಕ್ಷದ ಇಪ್ಪತ್ತೈದು ಸಾವಿರ ಜನ ಭಾರತಕ್ಕೆ ಎಂದು ಲೆಕ್ಕ ಹಾಕಿ ಹಂಚಿಕೊಂಡರು. ಹಾಗೆ ಬಂದವರಲ್ಲಿ ಈ ಅಮ್ಮನೂ ಒಬ್ಬರು. ಅವರ ಮೊಮ್ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ರಾಮಾನುಜಂ ಎಂಬ ಹಡಗಿನಲ್ಲಿ ಬಂದದ್ದು, ಮಂಡಪಂ ಶಿಬಿರದಲ್ಲಿ ವಾರಗಟ್ಟಲೆ ಕಾದದ್ದು, ಅಲ್ಲಿಂದ ಕೇಳದಿದ್ದ ಊರಿಗೆ, ತಿಳಿಯದ ಭಾಷೆಗೆ ಲಾರಿ ಹತ್ತಿದ್ದು ಎಲ್ಲವನ್ನೂ ಅವರ ಬಾಯಿಂದ ಕೇಳಿದ್ದೆ.

ಕಾಗದದ ಫೋಟೋವನ್ನು ಮೊಮ್ಮಗಳ ಮೊಬೈಲಿಗೆ ಕಳಿಸಿದೆ. ಅಮ್ಮ ತೋಟದ ಶಾಲೆಯಲ್ಲಿ ಐದನೆಯ ತರಗತಿವರೆಗೆ ತಮಿಳು ಓದಿದವರು. ಅವತ್ತು ಸಂಜೆ ಫೋನಿನಲ್ಲಿ ಅವರು ಒಂದೊಂದೇ ಸಾಲು ಓದಿ, ತಮ್ಮ ಸುಳ್ಯದ ಕನ್ನಡದಲ್ಲಿ ಅರ್ಥ ಹೇಳಿದರು. ಮೊಬೈಲು ಮೇಜಿನ ಮೇಲಿತ್ತು. ಅಮ್ಮಿ ಅದರ ಮುಂದೆ ಸೆರಗು ಹೊದ್ದು ಕೂತಿದ್ದರು.

ಕಾಗದ 'ಅಕ್ಕಾ' ಎಂದು ಶುರುವಾಗುತ್ತದೆ. ಅದಕ್ಕೆ ಅನುವಾದ ಬೇಕಾಗಲಿಲ್ಲ. ಅವರ ಗಡಿಯಾರ, ಟೋಪಿ, ನಿಮ್ಮ ಮಗಳಿಗೆಂದು ಕೊಂಡಿಟ್ಟ ಎರಡು ಲಂಗದ ಬಟ್ಟೆ ನನ್ನ ಬಳಿ ಇವೆ. ಯಾರನ್ನಾದರೂ ಕಳಿಸಿದರೆ ಕೊಡುತ್ತೇನೆ. ನಿಮಗೆ ನನ್ನ ಮೇಲೆ ಸಿಟ್ಟಿರಬಹುದು. ಮಗನಿಗೆ ಈಗ ಎಂಟು ತಿಂಗಳು, ಅವರ ಹಾಗೆಯೇ ಹುಬ್ಬು. ಅವರ ಗೋರಿಗೆ ನಾನು ಹೋಗುವಂತಿಲ್ಲ, ಶುಕ್ರವಾರ ನನ್ನ ಅಣ್ಣ ಹೋಗಿ ನೀರು ಚಿಮುಕಿಸಿ ಬರುತ್ತಾನೆ. ಕೊನೆಗೆ 'ನಿಮ್ಮ ತಂಗಿ', ಅದರ ಕೆಳಗೆ ಮರದಾನೆಯ ಒಂದು ಗಲ್ಲಿಯ ವಿಳಾಸ.

ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಮನೆಯ ಟ್ರಂಕಿನಲ್ಲಿ ಕೂತು ಉತ್ತರಕ್ಕೆ ಕಾದ ಕಾಗದ ಅದು.

ಸುಳ್ಯದ ಅಮ್ಮ ಓದಿ ಮುಗಿಸಿ, ತುಸು ಹೊತ್ತು ಬಿಟ್ಟು, "ನಮ್ಮನ್ನು ಕೇಳದೆಯೇ ಹಡಗು ಹತ್ತಿಸಿ ಇಲ್ಲಿಗೆ ಕಳಿಸಿದರು ಟೀಚರೇ. ನೀವು ಹೋಗುತ್ತೇವೆ ಎಂದು ಕೇಳುತ್ತಿದ್ದೀರಿ, ದಾರಿ ಕೊಡುವವರಿಲ್ಲ. ಹೋದರೆ ನಮ್ಮ ಹಟ್ಟನ್ ಕಡೆಯೂ ಒಂದು ಸಲ ನೋಡಿ ಬನ್ನಿ" ಅಂದರು.

ಆ ರಾತ್ರಿ ಅಮ್ಮಿ ಇಶಾ ನಮಾಜು ಮುಗಿಸಿದ ಮೇಲೂ ಜಾನಮಾಜಿನ ಮೇಲೇ ಬಹಳ ಹೊತ್ತು ಕೂತಿದ್ದರು. ನಾನು ಸಮಾಧಾನ ಹೇಳಲು ಹೋದೆ. ಅವರು ಅಳುತ್ತಿರಲಿಲ್ಲ, ಬೆರಳು ಮಡಚುತ್ತ ಲೆಕ್ಕ ಹಾಕುತ್ತಿದ್ದರು. ಸಾಗರದ ಮನೆ ನಾನಾ ಕಳಿಸಿದ ದುಡ್ಡಿನಲ್ಲಿ ಕಟ್ಟಿದ್ದು. ನಾನಿ ತೀರಿದ ಮೇಲೆ ಅದನ್ನು ಅಮ್ಮಿ ಮತ್ತು ಮಾಮೂ ಷರೀಅತ್ತಿನಂತೆ ಹಂಚಿಕೊಂಡಿದ್ದರು. ಗಂಡಿಗೆ ಎರಡು, ಹೆಣ್ಣಿಗೆ ಒಂದು. "ಮೂರು ಪಾಲು ಮಾಡಿದೆವು" ಅಂದರು ಅಮ್ಮಿ. "ಐದು ಮಾಡಬೇಕಾಗಿತ್ತು. ಆ ಹೆಂಗಸಿನ ಹಕ್ಕು ಬೇರೆ."

ಮಾಮೂ ವಿಷಯ ಕೇಳಿ ಕಿಡಿಯಾದರು. ಯಾವ ಕಾಲದ ಮಾತು, ನಿಕಾಹ್ ಆಗಿತ್ತೋ ಇಲ್ಲವೋ, ಸಾಕ್ಷಿ ಎಲ್ಲಿ, ಹೋಗಿ ಹುಡುಕಿ ತಲೆಯ ಮೇಲೆ ಯಾಕೆ ಎಳೆದುಕೊಳ್ಳುತ್ತೀರಿ ಎಂದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆ ಮನೆಯಲ್ಲೇ ಅವರ ಮಕ್ಕಳು, ಮೊಮ್ಮಕ್ಕಳು ಬದುಕುತ್ತಿದ್ದಾರೆ. ಆದರೆ ಮಾಮೂ ಫೋನ್ ಇಡುವ ಮೊದಲು ದನಿ ಇಳಿಸಿ, "ಹುಬ್ಬು ಅಬ್ಬಾನ ಹಾಗೆ ಅಂತ ಬರೆದಿದೆಯಾ?" ಎಂದು ಕೇಳಿದರು. ಏಳು ವರ್ಷಕ್ಕೆ ತಂದೆಯನ್ನು ಕಳೆದುಕೊಂಡ ಮಾಮೂಗೆ ತಂದೆಯ ಮುಖ ನೆನಪಿಲ್ಲ. ನಮ್ಮಲ್ಲಿ ಅವರ ಒಂದು ಫೋಟೋವೂ ಇಲ್ಲ.

ಮುಂದಿನ ಸಲ ಆ ನೆಂಟರು ಬಂದು ಹಜ್ಜಿನ ಮಾತು ತೆಗೆದಾಗ ಅಮ್ಮಿ ಉತ್ತರ ಕೊಟ್ಟರು. "ಸಾಲ ಇಟ್ಟುಕೊಂಡು ಹಜ್ಜಿಗೆ ಹೋಗಬಾರದು ಅಂತಾರಲ್ಲ. ನನ್ನದೊಂದು ಸಾಲ ಕೊಲಂಬೋದಲ್ಲಿದೆ." ಮಾಮೂನ ಪಾಲಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಅದು ಅವನ ಮತ್ತು ಅಲ್ಲಾಹನ ನಡುವಿನದು ಎಂದರು. ತಮ್ಮ ಪಾಲಿಗೆ ಬಂದದ್ದರಲ್ಲಿ ಎಷ್ಟು ತಮ್ಮದಲ್ಲವೋ ಅಷ್ಟಕ್ಕೆ ತಮ್ಮ ಬಳೆಗಳನ್ನು ತೂಗಿಸಿಟ್ಟಿದ್ದಾರೆ.

ಈಗ ಪಾಸ್‌ಪೋರ್ಟು ಬಂದಿದೆ. ಅರ್ಜಿಯಲ್ಲಿ ತಂದೆಯ ಹೆಸರು ಬರೆಯುವಾಗ ಅಮ್ಮಿ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಒಂದು ಹಾಳೆಯ ಮೇಲೆ ಮೊದಲು ಉರ್ದುವಿನಲ್ಲಿ ಬರೆದು ತೋರಿಸಿದರು. ತಮಿಳು ಮಾತಾಡುವ, ವಯಸ್ಸಾದವರನ್ನು ಕಾಯಲು ತಾಳ್ಮೆ ಇರುವ ಡ್ರೈವರ್ ಬೇಕೆಂದು ಜಾಫ್ನಾದಲ್ಲಿ ವಿಚಾರಿಸಿಟ್ಟಿದ್ದೇವೆ. ಅಮ್ಮಿಗೆ ಕಾರಿನಲ್ಲಿ ಬಹಳ ಹೊತ್ತು ಕೂರುವುದು ಅಭ್ಯಾಸವಾಗಲೆಂದು ಭಾನುವಾರಗಳಲ್ಲಿ ಒಮ್ಮೆ ಜೋಗಕ್ಕೆ, ಒಮ್ಮೆ ಇಕ್ಕೇರಿಗೆ, ಒಮ್ಮೆ ಹೊನ್ನಾವರದ ಸಮುದ್ರದವರೆಗೆ ಹೋಗಿ ಬಂದಿದ್ದೇವೆ. ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿದರೆ ಕಾಲು ಊದಿಕೊಳ್ಳುವುದಿಲ್ಲ ಎಂಬುದು ನಮ್ಮ ಸಂಶೋಧನೆ. ಹಿಂಗಾರು ಕಳೆದು, ನಾಗಪಟ್ಟಣದಿಂದ ಹಡಗು ಬಿಡುವ ದಿನಗಳನ್ನು ಖಚಿತಪಡಿಸಿಕೊಂಡು ಹೊರಡುವುದೆಂದು ತೀರ್ಮಾನ.

ಖಬರಸ್ತಾನದ ವಿಷಯದಲ್ಲಿ ನನಗೆ ಅಂಜಿಕೆಯಿದೆ. ಮಣ್ಣಿನ ಗೋರಿ. ಅರವತ್ತು ವರ್ಷದಲ್ಲಿ ಅದೇ ಜಾಗದಲ್ಲಿ ಎಷ್ಟು ಜನ ಮಲಗಿದ್ದಾರೋ. ನಮ್ಮೂರಲ್ಲಿ ಹೆಂಗಸರು ಖಬರಸ್ತಾನದೊಳಗೆ ಹೋಗುವ ವಾಡಿಕೆಯೂ ಇಲ್ಲ. ಸ್ವಂತ ಗಂಡನ ಗೋರಿಯನ್ನೇ ಅಮ್ಮಿ ಗೋಡೆಯಾಚೆಯಿಂದ ನೋಡಿದವರು. "ಒಳಗೆ ಬಿಟ್ಟರೆ ಹೋಗುತ್ತೇನೆ, ಬಿಡದಿದ್ದರೆ ಬಾಗಿಲಲ್ಲಿ ನಿಂತು ಅಲ್ಲಿರುವವರಿಗೆಲ್ಲ ಸಲಾಂ ಹೇಳುತ್ತೇನೆ. ಅವರಲ್ಲಿ ಅಬ್ಬಾನೂ ಇರುತ್ತಾರೆ" ಎನ್ನುತ್ತಾರೆ.

ಮರದಾನೆಯ ವಿಳಾಸಕ್ಕೆ ಒಂದು ಕಾಗದವನ್ನೂ ಹಾಕಿದ್ದೇವೆ. ಅಮ್ಮಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದೆ, ಸುಳ್ಯದ ಅಮ್ಮ ತಮಿಳಿಗೆ ತಿರುಗಿಸಿದರು. ಇದುವರೆಗೆ ಉತ್ತರ ಬಂದಿಲ್ಲ. ಆ ಗಲ್ಲಿಯಲ್ಲಿ ಈಗ ಆ ಮನೆ ಇದೆಯೋ, ಆ ಎಂಟು ತಿಂಗಳ ಮಗು ಅರವತ್ತು ದಾಟಿದ ಮುದುಕನಾಗಿ ಎಲ್ಲಿದ್ದಾನೋ. ಉತ್ತರ ಬಾರದಿದ್ದರೂ ಹೋಗುವುದೇ ಎಂದು ಅಮ್ಮಿ ಹೇಳಿಬಿಟ್ಟಿದ್ದಾರೆ. "ನಮ್ಮ ಮನೆಯಿಂದ ಅವರಿಗೆ ಅರವತ್ತು ವರ್ಷ ಉತ್ತರ ಹೋಗಲಿಲ್ಲ. ನಾವು ಆರು ತಿಂಗಳು ಕಾಯಲಾರೆವಾ?"

ನೋಟ್ ಪುಸ್ತಕದಲ್ಲಿ ಹದಿಮೂರರ ಕೆಳಗೆ ಹದಿನಾಲ್ಕು ಎಂದು ಬರೆದು ಆ ವಿಳಾಸವನ್ನು ಸೇರಿಸಿದ್ದೇನೆ. ಊರುಗಳ ಹೆಸರನ್ನೆಲ್ಲ ಉರ್ದು, ಕನ್ನಡ ಎರಡರಲ್ಲೂ ಬರೆದಿದ್ದೇನೆ, ನಾಗಪಟ್ಟಣದಿಂದ ಮುಂದಿನವನ್ನು ತಮಿಳಿನಲ್ಲಿ ಬರೆಸಿದ್ದೇನೆ. ನಿನ್ನೆ ರಾತ್ರಿ ಅಮ್ಮಿ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ, ಪೆನ್ನು ಕೇಳಿ ತೆಗೆದುಕೊಂಡು, ನಾಗಪಟ್ಟಣದ ಎದುರಿಗೆ ತಮ್ಮ ಕೈಯಿಂದಲೇ ಒಂದು ಮಾತು ಸೇರಿಸಿದರು: ನಿಂಬೆಹುಳಿ.